ಸೀಮೆಎಣ್ಣೆ, ಸೈಲೆನ್ಸರ್ ಮತ್ತು ಅಪ್ಪನ ಮೊಪೆಡ್ಡು

ಹೋದ ತಿಂಗಳು ಊರಿಗೆ ಹೋಗಿದ್ದಾಗ ಭದ್ರಾವತಿಯ ಹೊಸಮನೆಯಲ್ಲಿ, ನಾವು ಮೊದಲಿದ್ದ ಬೀದಿಯಲ್ಲೇ, ಒಬ್ಬ ಹುಡುಗ ಸೈಕಲ್ಲಿಗೆ ಬ್ಯಾಟರಿ ಮೋಟಾರು ಕಟ್ಟಿಕೊಂಡು ಓಡಾಡುತ್ತಿದ್ದ. (ಶಿವಮೊಗ್ಗದಲ್ಲೂ ಒಂದು ಹೊಸಮನೆ ಇದೆ. ಅದರ ವಿಷಯ ಮುಂದೆ ಬರುತ್ತೆ, ಆ ಹೊಸಮನೆಯವರು ಬೇಜಾರು ಮಾಡ್ಕೋಬೇಡಿ :-) )

ನಿಲ್ಲಿಸಿ ಮಾತಾಡಿಸಿದೆ. "ಕಿಟ್ ತರಿಸಿ ನಾನೇ ಹಾಕಿದ್ದು ಅಂಕಲ್. ಆದ್ರೆ ಸ್ಪೀಡ್ ಸಾಲ್ತಾ ಇಲ್ಲ, ಏನಾದ್ರೂ ಮಾಡ್ಬೇಕು" ಅಂದ.

"ಏನಾದ್ರೂ ಮಾಡ್ಬೇಕು"! ಇದೇ ಮಾತನ್ನ ಇದೇ ಬೀದಿಯಲ್ಲಿ ನಮ್ಮಪ್ಪ ಎಷ್ಟು ಸಲ ಹೇಳಿದ್ದರೋ. ಅವರ ಮೊಪೆಡ್ಡಿಗೆ ಏನೇನು ಮಾಡಿದರು, ಯಾವುದು ಕೈ ಹಿಡಿಯಿತು, ಯಾವುದು ಕೈ ಕೊಟ್ಟಿತು ಅಂತ ಬರೆದಿಡೋಣ ಅನ್ನಿಸಿ ಕೂತೆ. ಬರೀತಾ ಹೋದ ಹಾಗೆ ಅಪ್ಪನ ಕತೆಯ ಹಿಂದೆ ದೊಡ್ಡ ಇತಿಹಾಸವೇ ಇದೆ ಅಂತ ಗೊತ್ತಾಯ್ತು. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆ ಇರಲಿ.

ಮೊದಲು ಒಂದು ಮಾತು. ಮೊಪೆಡ್ ಅನ್ನೋದೇ ಒಂದು ಅಗ್ಗದ ಮಾರ್ಪಾಡು. ಎರಡನೇ ಮಹಾಯುದ್ಧ ಮುಗಿದಾಗ ಜಪಾನಿನಲ್ಲಿ ಪೆಟ್ರೋಲಿಲ್ಲ, ಬಸ್ಸು ರೈಲುಗಳಲ್ಲಿ ಕಾಲಿಡಲು ಜಾಗವಿಲ್ಲ. 1946ರಲ್ಲಿ ಹಮಾಮತ್ಸು ಊರಿನ ಸೊಯಿಚಿರೋ ಹೋಂಡಾ ಸೇನೆಯ ವೈರ್‌ಲೆಸ್ ಸೆಟ್ಟಿಗೆ ಕರೆಂಟು ಕೊಡುತ್ತಿದ್ದ ಸಣ್ಣ ಎಂಜಿನ್‌ಗಳನ್ನ ಕೊಂಡು ಸೈಕಲ್ಲಿಗೆ ಕೂರಿಸಿದ. ಮೊದಲನೆಯದಕ್ಕೆ ಟ್ಯಾಂಕ್ ಆಗಿದ್ದು ಚಳಿಗೆ ಹಾಸಿಗೆಯಲ್ಲಿ ಇಟ್ಟುಕೊಳ್ಳುವ ಬಿಸಿನೀರಿನ ಡಬ್ಬಿ! ಪೆಟ್ರೋಲ್ ಸಾಲದ್ದಕ್ಕೆ ಪೈನ್ ಮರದ ಟರ್ಪೆಂಟೈನ್ ಬೆರೆಸುತ್ತಿದ್ದರು. ಅದೇ ಹೊತ್ತಿಗೆ ಇಟಲಿಯಲ್ಲಿ 'ಕುಚ್ಚೋಲೊ' ಅನ್ನುವ 48 ಸಿಸಿ ಎಂಜಿನ್ ಬಂತು, ಕನ್ನಡದಲ್ಲಿ ಹೇಳೋದಾದ್ರೆ 'ನಾಯಿಮರಿ'. ಡುಕಾಟಿ ಕಂಪನಿ ದ್ವಿಚಕ್ರ ವಾಹನದ ಕೆಲಸಕ್ಕೆ ಇಳಿದದ್ದೇ ಆ ನಾಯಿಮರಿಯಿಂದ. 1952ರಲ್ಲಿ ಸ್ವೀಡನ್ನಿನ ಒಬ್ಬ ಪತ್ರಕರ್ತ ಮೋಟಾರ್, ಪೆಡಲ್ ಎರಡನ್ನೂ ಸೇರಿಸಿ 'ಮೊಪೆಡ್' ಅಂತ ಹೆಸರು ಕಟ್ಟಿದ.

ನಮ್ಮ ಕಡೆಗೆ ಬಂದರೆ, ಫ್ರಾನ್ಸಿನ ಮೊಟೊಬೆಕಾನ್ ಕಂಪನಿಯ ನಮೂನೆಯಲ್ಲಿ ತಿರುಪತಿಯಲ್ಲಿ ತಯಾರಾಗುತ್ತಿದ್ದ ಸುವೇಗ ಇತ್ತು. 1972ರಲ್ಲಿ ಕೈನೆಟಿಕ್ ಎಂಜಿನಿಯರಿಂಗಿನ ಲೂನಾ ಬಂತು, ಅದು ಇಟಲಿಯ ಪಿಯಾಜಿಯೊ 'ಚಾವೊ' ಮೊಪೆಡ್ಡಿನ ತಂಗಿ. 1980ರಲ್ಲಿ, ನಮ್ಮ ಆನೇಕಲ್ ಗಡಿ ದಾಟಿದರೆ ಸಿಗುವ ಹೊಸೂರಿನಿಂದ ಟಿವಿಎಸ್ 50 ಬಂತು. ಇಬ್ಬರು ಕೂರುವ ಮೊಪೆಡ್ ಅಂತಲೇ ಅದು ಹೆಸರು ಮಾಡಿದ್ದು.

ಭದ್ರಾವತಿಯಂಥ ಊರಿಗೆ ಇದು ಹೇಳಿ ಮಾಡಿಸಿದ ಗಾಡಿ. ಹಿಂದೆ ಬೆಂಕಿಪುರ ಅಂತಿದ್ದ ಊರು. 1923ರಲ್ಲಿ ಇಲ್ಲಿ ಮಲೆನಾಡಿನ ಕಾಡಿನ ಇದ್ದಿಲಿನಿಂದ ಕಬ್ಬಿಣ ಕರಗಿಸೋಕೆ ಶುರುವಾಯ್ತು. 1936ರಲ್ಲಿ ಕಾಗದ ಕಾರ್ಖಾನೆಯೂ ಸ್ಥಾಪನೆಯಾಯ್ತು. ಮೂರು ಪಾಳಿ, ಸೈರನ್ ಆದ ಕೂಡಲೆ ಗೇಟಿನಿಂದ ಸೈಕಲ್ಲುಗಳ ಹೊಳೆ. ಎಂಬತ್ತರ ದಶಕದಲ್ಲಿ ಆ ಹೊಳೆಯಲ್ಲಿ ಅಲ್ಲೊಂದು ಇಲ್ಲೊಂದು ಮೊಪೆಡ್ಡಿನ ಹೊಗೆ ಕಾಣಿಸತೊಡಗಿತು. ಊರಿನಲ್ಲಿ ಟರ್ನರು, ಫಿಟ್ಟರು, ವೆಲ್ಡರುಗಳಿಗೆ ಬರವೇ? ಹೀಗಾಗಿ ಪ್ರತಿ ಬೀದಿಯಲ್ಲೂ ಒಬ್ಬ 'ಎಂಜಿನಿಯರ್' ಇದ್ದ. ನಮ್ಮಪ್ಪನೂ ಒಬ್ಬರು!

1986ರಲ್ಲಿ ಅಪ್ಪ ಒಂದು ಸೆಕೆಂಡ್ ಹ್ಯಾಂಡ್ 50 ಸಿಸಿ ಮೊಪೆಡ್ ತಂದರು. (ಯಾವ ಕಂಪನಿದು ಅಂತ ಬೇಡ ಬಿಡಿ, ತಪ್ಪು ಗಾಡಿಯದ್ದಲ್ಲ.) ಶಕ್ತಿ ಸುಮಾರು ಎರಡು ಕುದುರೆ. ಅದರ ಮೇಲೆ ಅಪ್ಪ, ಅಮ್ಮ, ನಾನು, ಜೊತೆಗೆ ಸಂತೆ ಚೀಲ. ಏರು ಬಂದರೆ ಅಪ್ಪ ಪೆಡಲ್ ತುಳಿಯಬೇಕು, ನಾನು ಇಳಿದು ತಳ್ಳಬೇಕು. ಆಗ ಶುರುವಾಯ್ತು "ಏನಾದ್ರೂ ಮಾಡ್ಬೇಕು".

ಮೊದಲು ಮಾಡಿದ್ದು ಸೈಲೆನ್ಸರ್ ಸುಡೋದು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಆಯಿಲ್ ಪೆಟ್ರೋಲಿನ ಜೊತೆಗೇ ಉರಿಯುತ್ತಲ್ಲ, ಅದರ ಮಸಿ ಹೊಗೆ ಹೋಗುವ ದಾರಿಯಲ್ಲಿ ಕರಿ ಕಟ್ಟುತ್ತೆ. ಹೊಗೆ ಹೊರಗೆ ಹೋಗದಿದ್ದರೆ ಹೊಸ ಪೆಟ್ರೋಲ್ ಒಳಗೆ ಬರೋದು ಹೇಗೆ? ಭಾನುವಾರ ಹಿತ್ತಲಲ್ಲಿ ಸೈಲೆನ್ಸರ್ ಬಿಚ್ಚಿ ಬೆಂಕಿಗೆ ಹಾಕಿ, ಕೆಂಪಗಾದ ಮೇಲೆ ಕುಟ್ಟಿದರೆ ಚೂರು ಚೂರಾಗಿ ಕರಿ ಉದುರುತ್ತಿತ್ತು. ಹೆಡ್ ಬಿಚ್ಚಿ ಪಿಸ್ಟನ್ ತಲೆ, ಎಕ್ಸಾಸ್ಟ್ ತೂತು ಕೆರೆದು ತೆಗೆದರೆ ಮಾರನೇ ದಿನ ಗಾಡಿ ಹೊಸದರ ಹಾಗೆ. ಖರ್ಚು ಸೊನ್ನೆ. ಅಮ್ಮನ ಬೈಗುಳ ಮಾತ್ರ, ಒಗೆದು ಹಾಕಿದ ಬಟ್ಟೆಗೆಲ್ಲ ಆ ವಾಸನೆ!

ಎರಡನೆಯದು ಸ್ಪ್ರಾಕೆಟ್. ಲೆಕ್ಕ ಸುಲಭ. ಎಂಜಿನ್ ಕಡೆಯ ಚಕ್ರಕ್ಕೆ 12 ಹಲ್ಲಿದ್ದು, ಅದನ್ನ 11 ಮಾಡಿದರೆ ಎಳೆತ ನೂರಕ್ಕೆ ಒಂಬತ್ತರಷ್ಟು ಹೆಚ್ಚುತ್ತೆ, ವೇಗ ಎಂಟರಷ್ಟು ತಗ್ಗುತ್ತೆ. ಹಾಲಿನ ಕ್ಯಾನು, ಸೊಪ್ಪಿನ ಮೂಟೆ ಹೊರುವವರಿಗೆ ವೇಗ ಯಾಕೆ? ಎಳೆದರೆ ಸಾಕು. ಅಪ್ಪನೂ ಒಂದು ಹಲ್ಲು ಕಡಿಮೆ ಮಾಡಿಸಿದರು. ನಾನು ಇಳಿದು ತಳ್ಳೋದು ನಿಂತಿತು.

ಮೂರನೆಯದನ್ನ ಅಪ್ಪ ಮಾಡಲಿಲ್ಲ, ಬೀದಿಯ ಕಾಲೇಜು ಹುಡುಗರು ಮಾಡಿದರು. ಸೈಲೆನ್ಸರಿನ ಒಳಗಿನ ಕೊಳವೆ ಕಿತ್ತು ಬಿಸಾಕೋದು. ಶಬ್ದ ಬುಲೆಟ್ಟಿನಂತೆ, ಎಳೆತ ಎತ್ತಿನಗಾಡಿಯಂತೆ! ಯಾಕೆ ಹೀಗೆ ಅಂತ ಆಗ ನಮಗೆ ಗೊತ್ತಿರಲಿಲ್ಲ. ಉತ್ತರ ಪೂರ್ವ ಜರ್ಮನಿಯಲ್ಲಿತ್ತು. ಅಲ್ಲಿನ ಎಂಜೆಡ್ ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ ಅನ್ನುವ ಎಂಜಿನಿಯರ್ 1950ರ ದಶಕದಲ್ಲಿ ಕೈಯಲ್ಲಿ ಕಾಸಿಲ್ಲದೆ ಟೂ ಸ್ಟ್ರೋಕ್ ರೇಸ್ ಬೈಕ್ ಕಟ್ಟುತ್ತಿದ್ದ. ಹೊಗೆಯ ಜೊತೆ ಕೊಳವೆಯಲ್ಲಿ ಒಂದು ಒತ್ತಡದ ಅಲೆ ಓಡುತ್ತೆ. ಕೊಳವೆಯನ್ನ ಸರಿಯಾದ ಅಳತೆಯಲ್ಲಿ ಅಗಲಿಸಿ ಮತ್ತೆ ಕಿರಿದು ಮಾಡಿದರೆ ಆ ಅಲೆ ತಿರುಗಿ ಬಂದು, ಹೊರಗೆ ಓಡಿಹೋಗಲಿದ್ದ ಹೊಸ ಪೆಟ್ರೋಲನ್ನ ಮತ್ತೆ ಒಳಗೆ ತಳ್ಳುತ್ತೆ. ತಗಡು ಮತ್ತು ಲೆಕ್ಕ, ಅಷ್ಟೆ! 1961ಕ್ಕೆ ಅವನ 125 ಸಿಸಿ ಎಂಜಿನ್ 25 ಕುದುರೆ ಶಕ್ತಿ ಮುಟ್ಟಿತು.

ಆ ವರ್ಷವೇ ಅವನ ಸವಾರ ಅರ್ನ್ಸ್ಟ್ ಡೆಗ್ನರ್, ಸ್ವೀಡನ್ನಿನಲ್ಲಿ ನಡೆದ ರೇಸಿನ ಹೊತ್ತಿಗೆ ತಪ್ಪಿಸಿಕೊಂಡು ಪಶ್ಚಿಮಕ್ಕೆ ಹೋದ. ವಿದ್ಯೆಯೂ ಅವನ ಜೊತೆ ಸುಜುಕಿ ಕಂಪನಿಗೆ ಹೋಯ್ತು. 1962ರಲ್ಲಿ 50 ಸಿಸಿ ವಿಶ್ವ ಚಾಂಪಿಯನ್‌ಶಿಪ್ ಮೊದಲ ಸಲ ನಡೆದಾಗ ಗೆದ್ದದ್ದು ಡೆಗ್ನರ್, ಸುಜುಕಿಯ ಮೇಲೆ. ಅದೇ ಸುಜುಕಿ ಎಂಬತ್ತರ ದಶಕದಲ್ಲಿ ಟಿವಿಎಸ್ ಜೊತೆ ಸೇರಿ ಹೊಸೂರಿಗೆ ಬಂತು, 1984ರಲ್ಲಿ ಇಂಡ್-ಸುಜುಕಿ ಬೈಕು ಹೊರಬಂತು. ನಮ್ಮ ಹುಡುಗರು ಕಿತ್ತು ಬಿಸಾಕಿದ್ದು ಬರೀ ತಗಡನ್ನಲ್ಲ ಸ್ವಾಮಿ, ಪೆಟ್ರೋಲನ್ನ ಒಳಗೆ ಹಿಡಿದಿಡುವ ತಡೆಯನ್ನೇ ಕಿತ್ತಿದ್ದರು.

ಈಗ ನಾಲ್ಕನೆಯದು. ಸೀಮೆಎಣ್ಣೆ.

ರೇಷನ್ ಅಂಗಡಿಯ ನೀಲಿ ಸೀಮೆಎಣ್ಣೆಗೂ ಪೆಟ್ರೋಲಿಗೂ ಬೆಲೆಯಲ್ಲಿ ಭೂಮಿ ಆಕಾಶದ ಅಂತರ. ಆ ವರ್ಷ ಅಕ್ಕನ ಕಾಲೇಜು ಫೀಸು, ಅಜ್ಜಿಯ ಔಷಧಿ ಎಲ್ಲ ಒಟ್ಟಿಗೆ ಬಂದಿತ್ತು. ಯಾರೋ ಹೇಳಿದರು, ಅಪ್ಪ ಬೆರೆಸಿದರು. ಮೊದಲು ಸ್ವಲ್ಪ, ಆಮೇಲೆ ಅರ್ಧಕ್ಕರ್ಧ. ಗಾಡಿ ಓಡಿತು! ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಹಟ, ಬಿಳಿ ಹೊಗೆ, ಏರಿನಲ್ಲಿ ಟಕಟಕ ಸದ್ದು. ಆದರೂ ಓಡಿತು. ಪಾತ್ರೆಗೆ ಮಸಿ ಹಿಡಿಯುತ್ತೆ ಅಂತ ಅಮ್ಮ ಮೊದಲೇ ಸ್ಟವ್ವನ್ನ ಹಿಡಿದು ಉರಿಸುತ್ತಿದ್ದವರು. "ಒಲೆಗೇ ಸಾಲದ ಎಣ್ಣೆ ಅದಕ್ಕೆ ಕುಡಿಸ್ತೀರಲ್ರೀ" ಅಂತ ಒಂದು ಸಲ ಅಂದು ಸುಮ್ಮನಾದರು.

ತಪ್ಪು ಆದದ್ದು ಎಲ್ಲಿ ಗೊತ್ತಾ? ಹೆಸರಿನಲ್ಲಿ! ಆಗಿನ ಟೂ ಸ್ಟ್ರೋಕ್ ಗಾಡಿಗಳಿಗೆ ಲೀಟರ್ ಪೆಟ್ರೋಲಿಗೆ 40 ಎಂ.ಎಲ್. ಆಸುಪಾಸಿನಲ್ಲಿ ಆಯಿಲ್ ಹಾಕುತ್ತಿದ್ದರು. ಪಿಸ್ಟನ್ನಿಗೆ ಅದೊಂದೇ ಜಿಡ್ಡು. "ಸೀಮೆಎಣ್ಣೆ ಅಂದ್ರೂ ಎಣ್ಣೇನೇ ತಾನೆ, ಆಯಿಲ್ ಅರ್ಧ ಸಾಕು ಅಣ್ಣ" ಅಂದ ಸಲಹೆಗಾರ. ಅಪ್ಪನಿಗೂ ಸರಿ ಅನ್ನಿಸಿತು. ಸೀಮೆಎಣ್ಣೆ ಹೆಸರಿಗೆ ಎಣ್ಣೆ, ಗುಣದಲ್ಲಿ ಜಿಡ್ಡೇ ಇಲ್ಲ. ಅದರ ಮೇಲೆ ಪೆಟ್ರೋಲಿಗಿಂತ ಬೇಗ, ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುತ್ತೆ. ಟಕಟಕ ಸದ್ದು ಅದೇ. ಸಿಲಿಂಡರ್ ಕಾಯುತ್ತೆ, ಕಾದ ಪಿಸ್ಟನ್ ಹಿಗ್ಗುತ್ತೆ, ಜಿಡ್ಡಿಲ್ಲದ ಗೋಡೆಗೆ ಕಚ್ಚಿಕೊಳ್ಳುತ್ತೆ.

1987ರ ಒಂದು ಭಾನುವಾರ. ಶಿವಮೊಗ್ಗದ ಹೊಸಮನೆಯಲ್ಲಿ ನಮ್ಮ ದೊಡ್ಡಮ್ಮನ ಮನೆ. ಊಟ ಮುಗಿಸಿ ಸಂಜೆ ಹೊಸಮನೆಯಿಂದ ಹೊಸಮನೆಗೆ ಹೊರಟೆವು, ಅಪ್ಪ ಮತ್ತು ನಾನು. ರಾತ್ರಿ ಅಪ್ಪನಿಗೆ ಮೂರನೇ ಪಾಳಿ. ನಿದಿಗೆ ದಾಟಿದ ಮೇಲೆ ಎಂಜಿನ್ ಒಂದು ಸಲ ಕಿರ್ರ್ ಅಂತು, ನಿಂತಿತು. ಮುಟ್ಟಿದರೆ ಕೈ ಸುಡುತ್ತಿತ್ತು. ಆರಲಿ ಅಂತ ಕಾದೆವು. ಆರಿದರೂ ಅಲ್ಲಾಡಲಿಲ್ಲ.

ಆಗ ಅಪ್ಪ ಎಂಜಿನ್ನಿನ ಸಂಪರ್ಕ ತಪ್ಪಿಸುವ ಲಿವರ್ ತಿರುಗಿಸಿದರು. ಪೆಡಲ್ ಇತ್ತಲ್ಲ, ಗಾಡಿ ಮತ್ತೆ ಸೈಕಲ್ ಆಯ್ತು. ಕತ್ತಲಲ್ಲಿ ಲೈಟಿಲ್ಲದೆ, ಅಷ್ಟು ಭಾರದ 'ಸೈಕಲ್' ತುಳಿದು, ಏರಿನಲ್ಲಿ ಇಬ್ಬರೂ ತಳ್ಳಿ ಮನೆ ಸೇರುವಾಗ ಪಾಳಿಯ ಸೈರನ್ ಆಗಿ ಎಷ್ಟೋ ಹೊತ್ತಾಗಿತ್ತು. ನನಗೆ ತಿಳಿದ ಹಾಗೆ ಅಪ್ಪ ಪಾಳಿ ತಪ್ಪಿಸಿದ್ದು ಅದೊಂದೇ ಸಲ. ದಾರಿಯುದ್ದಕ್ಕೂ ಅವರು ಮಾತಾಡಲಿಲ್ಲ. ಸಿಲಿಂಡರ್ ಬೋರ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕಿಸೋಕೆ ಅಮ್ಮನ ಚೀಟಿ ದುಡ್ಡು ಹೋಯ್ತು. ಅಕ್ಕನ ಫೀಸಿಗೆ ಅಂತ ಇಟ್ಟಿದ್ದ ದುಡ್ಡು. ಸೀಮೆಎಣ್ಣೆಯಲ್ಲಿ ಉಳಿಸಿದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಅಮ್ಮ ಆಗಲೂ ಏನೂ ಅನ್ನಲಿಲ್ಲ, ಅದೇ ಅಪ್ಪನಿಗೆ ಹೆಚ್ಚು ಚುಚ್ಚಿದ್ದು ಅಂತ ಈಗ ಅನ್ನಿಸುತ್ತೆ.

ಆಮೇಲೂ ಅಪ್ಪ ಆ ಗಾಡಿಯನ್ನ ಹತ್ತು ವರ್ಷ ಓಡಿಸಿದರು. ಭಾನುವಾರ ಕರಿ ಕೆರೆಯೋದು, ಪ್ಲಗ್ ಉಜ್ಜೋದು, ಏರ್ ಫಿಲ್ಟರ್ ತೊಳೆಯೋದು, ಆ ಒಂದು ಹಲ್ಲು ಕಡಿಮೆಯ ಸ್ಪ್ರಾಕೆಟ್. ಇಷ್ಟೇ. ಯೋಚಿಸಿ ನೋಡಿ, ಕೊನೆವರೆಗೆ ಉಳಿದ ಮಾರ್ಪಾಡುಗಳೆಲ್ಲ ಒಂದೋ ಎಂಜಿನ್ ಕಳಕೊಂಡಿದ್ದನ್ನ ವಾಪಸ್ ಕೊಟ್ಟಂಥವು, ಇಲ್ಲ ಒಂದನ್ನ ಗೊತ್ತಿದ್ದೇ ಬಿಟ್ಟು ಇನ್ನೊಂದನ್ನ ಪಡೆದಂಥವು. ಪುಕ್ಕಟೆ ಸಿಕ್ಕಿತು ಅಂದುಕೊಂಡದ್ದು ಮಾತ್ರ ಸಾಲವಾಗಿತ್ತು, ಬಡ್ಡಿ ಸಮೇತ ವಸೂಲಾಯ್ತು.

ಮುಂದಿನ ಕತೆ ನಿಮಗೆ ಗೊತ್ತಿದ್ದದ್ದೇ. 1988ರ ಮೋಟಾರು ವಾಹನ ಕಾಯ್ದೆ 50 ಸಿಸಿವರೆಗಿನ ಗಾಡಿಯನ್ನ 16 ವರ್ಷಕ್ಕೇ ಓಡಿಸೋಕೆ ಬಿಟ್ಟಿತು, ಆದರೆ ತಯಾರಕರು ಕೊಟ್ಟ ಗಾಡಿಯ ವಿವರಗಳನ್ನ ಮಾಲೀಕ ಇಷ್ಟಬಂದ ಹಾಗೆ ಬದಲಾಯಿಸುವಂತಿಲ್ಲ ಅಂತಲೂ ಹೇಳಿತು. 1991, 1996, 2000 ಅಂತ ಹೊಗೆಯ ನಿಯಮ ಬಿಗಿಯಾಗುತ್ತಾ ಟೂ ಸ್ಟ್ರೋಕ್ ಕಾಲ ಮುಗಿಯುತ್ತಾ ಬಂತು. 2015ರಲ್ಲಿ ಟಿವಿಎಸ್ ಎಕ್ಸ್‌ಎಲ್ 100 ಬಂದಾಗ ಮೊಪೆಡ್ಡೂ ಫೋರ್ ಸ್ಟ್ರೋಕ್ ಆಯ್ತು. ಅದರಲ್ಲಿ ಹಿಂದಿನ ಸೀಟು ಬಿಚ್ಚಿಟ್ಟು ಮೂಟೆ ಹೇರಬಹುದು. ನಮ್ಮ ಹಾಲಿನವರು, ಸೊಪ್ಪಿನವರು ಕೇಳುತ್ತಿದ್ದದ್ದೂ ಅದನ್ನೇ ಅಲ್ವಾ! ಪೆಡಲ್ ಮಾತ್ರ ಹೋಯ್ತು. 2024ರಲ್ಲಿ ಲೂನಾ ಕೂಡ ಬ್ಯಾಟರಿ ಗಾಡಿಯಾಗಿ ಮತ್ತೆ ಬಂತು. ಇತ್ತ ಭದ್ರಾವತಿಯ ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆ ಮುಚ್ಚುವ ತೀರ್ಮಾನದ ಸುದ್ದಿಯೂ ಬಂತು. ಸೈಕಲ್ಲುಗಳ ಹೊಳೆ ಬತ್ತಿಹೋಗಿದೆ.

ಆ ಹುಡುಗನಿಗೆ ಏನು ಹೇಳಿದೆ ಅಂತೀರಾ? "250 ವಾಟ್ ಒಳಗೆ, ಗಂಟೆಗೆ 25 ಕಿ.ಮೀ. ಒಳಗೆ ಇದ್ರೆ ಲೈಸೆನ್ಸ್, ನಂಬರ್ ಪ್ಲೇಟ್ ಯಾವುದರ ತಾಪತ್ರಯವೂ ಇಲ್ಲಪ್ಪ. ಟೈರಿಗೆ ಗಾಳಿ ತುಂಬಿಸು, ಚೈನಿಗೆ ಎಣ್ಣೆ ಬಿಡು, ಬ್ರೇಕ್ ಉಜ್ಜುತ್ತಾ ಇದ್ಯಾ ನೋಡು. ಆಮೇಲೂ ಸಾಲದಿದ್ರೆ ಪೆಡಲ್ ಇದೆಯಲ್ಲ" ಅಂದೆ. ಅವನು ಈ ಅಂಕಲ್ ಯಾಕೋ ಬೋರು ಅನ್ನೋ ಹಾಗೆ ನೋಡಿ ಹೋದ.

ನಾನೂ ಆ ವಯಸ್ಸಲ್ಲಿ ಹಾಗೇ ನೋಡ್ತಿದ್ದೆ ಬಿಡಿ :-) ನಿಮ್ಮ ಮನೆಯ ಮೊಪೆಡ್ಡಿಗೂ ಇಂಥ ಕತೆ ಇದ್ದೇ ಇರುತ್ತೆ. ಇದ್ರೆ ನೀವೂ ಬರೀರಿ, ಓದೋಕೆ ಕಾಯ್ತಿರ್ತೀನಿ.