ಸೀಸರ್: ಅಡ್ಡಹೆಸರೊಂದು ಸಿಂಹಾಸನವೇರಿದ ಬಗೆ

ಜೂಲಿಯಸ್ ಸೀಸರ್ ಹುಟ್ಟುವುದಕ್ಕೆ ನೂರು ವರ್ಷ ಮೊದಲೇ ರೋಮಿನಲ್ಲಿ ಸೀಸರ್‌ಗಳಿದ್ದರು. ದಾಖಲೆಗಳಲ್ಲಿ ಮೊದಲು ಸಿಗುವವನು ಕ್ರಿ.ಪೂ. 208ರಲ್ಲಿ ಪ್ರೇಟರ್ ಅಧಿಕಾರದಲ್ಲಿದ್ದ ಸೆಕ್ಸ್ಟಸ್ ಜೂಲಿಯಸ್ ಸೀಸರ್. ಮೇಲ್ವರ್ಗದ ರೋಮನ್ ಗಂಡಸಿಗೆ ಸಾಮಾನ್ಯವಾಗಿ ಮೂರು ಹೆಸರು: ಗಾಯಸ್ ಎಂಬುದು ಸ್ವಂತದ್ದು, ಜೂಲಿಯಸ್ ಕುಲದ್ದು, ಸೀಸರ್ ಆ ಕುಲದ ಒಂದು ಕವಲಿನದು. ಈ ಮೂರನೆಯದು ಎಷ್ಟೋ ಸಲ ಪೂರ್ವಿಕರಲ್ಲಿ ಯಾರಿಗೋ ಅಂಟಿಕೊಂಡ ಅಡ್ಡಹೆಸರು. ಮಹಾವಾಗ್ಮಿ ಸಿಸೆರೊನ ಹೆಸರಿನಲ್ಲಿರುವುದು ಬರಿಯ ಕಡಲೆ.

ಸೀಸರ್ ಎಂದರೇನು ಎಂಬುದರಲ್ಲಿ ಪ್ರಾಚೀನರಿಗೇ ಒಮ್ಮತವಿರಲಿಲ್ಲ. ‘ಹಿಸ್ಟೋರಿಯಾ ಆಗಸ್ಟಾ’ ಎಂಬ ಚರಿತ್ರಸಂಗ್ರಹ ನಾಲ್ಕು ವಿವರಣೆ ಕೊಡುತ್ತದೆ: ಮೂಲಪುರುಷ ಆನೆ ಕೊಂದಿದ್ದ (ಮೂರ್ ಜನರ ಭಾಷೆಯಲ್ಲಿ ಆನೆಗೆ ಅಂಥ ಹೆಸರಿತ್ತಂತೆ), ಹೊಟ್ಟೆ ಕೊಯ್ದು ತೆಗೆದ ಮಗುವಾಗಿದ್ದ, ದಟ್ಟ ಕೂದಲಿತ್ತು, ಬೂದುನೀಲಿ ಕಣ್ಣಿತ್ತು. ರೋಮನ್ ಲೇಖಕ ಪ್ಲಿನಿ ಎರಡನೆಯದನ್ನು ಹೇಳುತ್ತಾನೆ. ನಮ್ಮ ಹೆರಿಗೆ ಆಸ್ಪತ್ರೆಗಳ ‘ಸಿಸೇರಿಯನ್’ ಜೊತೆ ಬೆಸೆದುಕೊಂಡಿರುವ ಕಥೆಯೂ ಅದೇ. ಆದರೆ ಆ ಕಾಲದಲ್ಲಿ ತಾಯಿ ಸತ್ತರೆ ಮಾತ್ರ ಹೊಟ್ಟೆ ಕೊಯ್ಯುತ್ತಿದ್ದರು. ಜೂಲಿಯಸನೇ ಹಾಗೆ ಹುಟ್ಟಿದನೆನ್ನಲೂ ಆಗದು: ಅವನ ತಾಯಿ ಔರೇಲಿಯಾ, ಮಗ ಗಾಲ್ ಪ್ರಾಂತದಲ್ಲಿ ಯುದ್ಧ ಮಾಡುತ್ತಿದ್ದಾಗಲೂ ಬದುಕಿದ್ದಳು. ಕೂದಲಿನ ವಾದ ಭಾಷೆಯ ದೃಷ್ಟಿಯಿಂದ ಅಸಂಭವವೇನಲ್ಲ. ಆದರೆ ಆ ಮನೆತನದ ಅತಿ ಪ್ರಸಿದ್ಧ ಕುಡಿ ಬೋಳುತಲೆಯವನಾಗಿದ್ದ! ನನ್ನ ಮಟ್ಟಿಗೆ ಈ ನಾಲ್ಕೂ ವಿವರಣೆಗಳು, ಹೆಸರು ದೊಡ್ಡದಾದ ಮೇಲೆ ಹುಟ್ಟಿದ ಪುರಾಣಗಳು. ಹೆಸರಿಗೆ ತೂಕ ತಂದದ್ದು ಧಾತುವಲ್ಲ, ದತ್ತುಪತ್ರ.

ಕ್ರಿ.ಪೂ. 44ರಲ್ಲಿ ಕೊಲೆಯಾದ ಜೂಲಿಯಸ್ ತನ್ನ ಉಯಿಲಿನಲ್ಲಿ ಸೋದರಿಯ ಮೊಮ್ಮಗ ಆಕ್ಟೇವಿಯಸನನ್ನು ದತ್ತು ತೆಗೆದುಕೊಂಡಿದ್ದ. ಹದಿನೆಂಟರ ಆ ಹುಡುಗನಿಗೆ ಸೈನಿಕರನ್ನು ಸೆಳೆಯಲು ಇದ್ದ ಮುಖ್ಯ ಬಂಡವಾಳ ಈ ಹೆಸರೇ. ಮುಂದೆ ಅವನೇ ಮೊದಲ ಸಾಮ್ರಾಟ ಆಗಸ್ಟಸ್. ಕ್ರಿ.ಶ. 41ರಲ್ಲಿ ಪಟ್ಟಕ್ಕೆ ಬಂದ ಕ್ಲಾಡಿಯಸ್ ಹುಟ್ಟಿನಿಂದಾಗಲಿ ದತ್ತಿನಿಂದಾಗಲಿ ಸೀಸರ್ ಅಲ್ಲ. ಆದರೂ ಹೆಸರನ್ನು ತಾನೇ ಇಟ್ಟುಕೊಂಡ. ಮನೆತನದ ಗುರುತು ಪದವಿಯ ಗುರುತಾದದ್ದು ಇಲ್ಲಿ. ಕ್ರಿ.ಶ. 69ರ ಅಂತರ್ಯುದ್ಧದಲ್ಲಿ ಸಾಮ್ರಾಟ ವಿಟೆಲಿಯಸ್ ಮೊದಲು ಈ ಹೆಸರು ಬೇಡವೆಂದು, ಸೋಲು ಹತ್ತಿರವಾದಾಗ ಬೇಕೆಂದ. ತಾಯಿತ ಕಟ್ಟಿಕೊಂಡ ಹಾಗೆ. ಆಮೇಲೆ ಕ್ರಮೇಣ ‘ಆಗಸ್ಟಸ್’ ಎಂದರೆ ಆಳುವವನು, ‘ಸೀಸರ್’ ಎಂದರೆ ಉತ್ತರಾಧಿಕಾರಿ ಎಂಬ ರೂಢಿ ಬಂತು. 293ರಲ್ಲಿ ಸಾಮ್ರಾಟ ಡಯೊಕ್ಲೀಷಿಯನ್ ಇಬ್ಬರು ಆಗಸ್ಟಸ್‌ರ ಕೈಕೆಳಗೆ ಇಬ್ಬರು ಸೀಸರ್‌ರನ್ನು ನಿಲ್ಲಿಸಿ ಅದನ್ನೇ ಆಡಳಿತ ವ್ಯವಸ್ಥೆ ಮಾಡಿದ.

ಲ್ಯಾಟಿನ್ನಿನ ಹಳೆಯ ಉಚ್ಚಾರ ‘ಕೈಸರ್’ಗೆ ಹತ್ತಿರ. ಜರ್ಮನ್ನಿನ ಕೈಸರ್, ಅರಬ್ಬಿಯ ಕೈಸರ್, ಕನ್ನಡ ಬೈಬಲಿನ ಕೈಸರ ಅದನ್ನು ಉಳಿಸಿಕೊಂಡಿವೆ. ಸ್ಲಾವ್ ಭಾಷೆಗಳಲ್ಲಿ ಅದು ಸವೆದು ತ್ಸಾರ್ ಆಯಿತು. ಕಾನ್‌ಸ್ಟಾಂಟಿನೋಪಲ್ ಗೆದ್ದ ಒಟ್ಟೋಮನ್ ಸುಲ್ತಾನ ಎರಡನೆಯ ಮೆಹ್ಮದ್ ತಾನು ರೋಮಿನ ಕೈಸರ್ ಎಂದುಕೊಂಡ.

ಭಾರತಕ್ಕೆ ಈ ಹೆಸರು ಬಹಳ ಮೊದಲೇ ಬಂದಿತ್ತು. 1947ರಲ್ಲಿ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಪುರಾತತ್ತ್ವಜ್ಞ ವ್ಹೀಲರ್ ನಡೆಸಿದ ಉತ್ಖನನದಲ್ಲಿ ಟೈಬೀರಿಯಸ್ ಸೀಸರನ ಬೆಳ್ಳಿ ನಾಣ್ಯ ಸಿಕ್ಕಿತು. ಈಗ ಪಾಕಿಸ್ತಾನದಲ್ಲಿರುವ ಅಟಕ್ ಬಳಿಯ ಆರಾ ಶಾಸನದಲ್ಲಿ ಕುಶಾಣ ದೊರೆ ಕನಿಷ್ಕನ ಬಿರುದುಗಳ ಸಾಲಿನಲ್ಲಿ ‘ಕೈಸರ’ ಇದೆಯೆಂದು ವಿದ್ವಾಂಸ ಲ್ಯೂಡರ್ಸ್ ಓದಿದ. ಅಕ್ಷರ ಸವೆದಿರುವುದರಿಂದ ಆ ಓದನ್ನು ಒಪ್ಪದವರೂ ಇದ್ದಾರೆ. 1877ರ ಜನವರಿ 1ರಂದು ದೆಹಲಿ ದರ್ಬಾರಿನಲ್ಲಿ ವಿಕ್ಟೋರಿಯಾ ರಾಣಿ ‘ಕೈಸರ್-ಎ-ಹಿಂದ್’, ಅಂದರೆ ಭಾರತದ ಸಾಮ್ರಾಜ್ಞಿ, ಆದಳು. ಅದೇ ಹೆಸರಿನ ಪದಕವನ್ನು ಗಾಂಧೀಜಿ 1915ರಲ್ಲಿ ಪಡೆದು 1920ರಲ್ಲಿ ಹಿಂದಿರುಗಿಸಿದರು.

ರಷ್ಯದ ತ್ಸಾರ್ 1917ರಲ್ಲಿ, ಜರ್ಮನಿಯ ಕೈಸರ್ 1918ರಲ್ಲಿ, ಬಲ್ಗೇರಿಯದ ತ್ಸಾರ್ 1946ರಲ್ಲಿ ಪಟ್ಟ ಕಳೆದುಕೊಂಡರು. ಭಾರತದ ಸಾಮ್ರಾಟನೆಂಬ ಬಿರುದನ್ನು ಬ್ರಿಟನ್ನಿನ ದೊರೆ ಆರನೆಯ ಜಾರ್ಜ್ 1948ರ ಜೂನ್‌ನಲ್ಲಿ ವಿಧಿವತ್ತಾಗಿ ಕೈಬಿಟ್ಟ.