ಮಾಡ್ಯುಲೇಟರ್‌ನ ಸಾಕ್ಷ್ಯ: ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನಲ್ಲಿ ಟಾರ್ಕ್ ಲೆಕ್ಕದ ಕಾಲನಿರ್ಣಯ

ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನ ಟ್ಯೂನಿಂಗ್ ಎಂಜಿನ್ ಟಾರ್ಕ್‌ನ ಲೆಕ್ಕಕ್ಕೆ ಒಳಪಟ್ಟದ್ದು 1990ರ ದಶಕದಲ್ಲಿ ಎಂಬ ಮಾತು ರೂಢಿಯಾಗಿದೆ. ಬಾಷ್ ಕಂಪನಿಯ ಗೆರ್‌ಹಾರ್ಟ್, ಹ್ಯೋನಿಂಗರ್ ಮತ್ತು ಬಿಶೊಫ್ ಎಂಇ7 ನಿಯಂತ್ರಕವನ್ನು ಕುರಿತು 1998ರಲ್ಲಿ ಪ್ರಕಟಿಸಿದ ಎಸ್‌ಎಇ ಪ್ರಬಂಧವನ್ನು ಇದಕ್ಕೆ ಆಧಾರವಾಗಿ ಹಿಡಿಯುವುದುಂಟು. ಆದರೆ ಆ ಪ್ರಬಂಧದ ವಸ್ತು ಎಂಜಿನ್ ನಿಯಂತ್ರಣದ ಸಾಫ್ಟ್‌ವೇರ್ ರಚನೆ, ಗೇರ್‌ಬಾಕ್ಸ್‌ನ ಚರಿತ್ರೆಯಲ್ಲ. ಅದಕ್ಕೆ ಮುಂಚಿನ ಗೇರ್‌ಬಾಕ್ಸ್‌ಗಳಿಗೆ ಟಾರ್ಕ್‌ನ ಅರಿವೇ ಇರಲಿಲ್ಲ ಎಂಬುದು ಓದಿದವರು ತಾವೇ ಸೇರಿಸಿಕೊಂಡ ತೀರ್ಮಾನ.

ಈ ಅರಿವು ಗೇರ್‌ಬಾಕ್ಸ್‌ಗೆ ಮೊದಲಿನಿಂದಲೂ ಬೇಕಿತ್ತು. ಕ್ಲಚ್ ಎಷ್ಟು ಟಾರ್ಕ್ ಹೊರಬಲ್ಲದೆಂಬುದು ಘರ್ಷಣಾಂಕ, ಒತ್ತುವ ಬಲ, ಸರಾಸರಿ ತ್ರಿಜ್ಯ ಮತ್ತು ಘರ್ಷಣೆಯ ಮುಖಗಳ ಸಂಖ್ಯೆ ಇವುಗಳ ಗುಣಲಬ್ಧ. ಇವುಗಳಲ್ಲಿ ಗಾಡಿ ಓಡುವಾಗ ಬದಲಾಯಿಸಲು ಬರುವುದು ಒತ್ತುವ ಬಲ, ಅಂದರೆ ಎಣ್ಣೆಯ ಲೈನ್ ಪ್ರೆಶರ್ ಮಾತ್ರ. ಅದು ಕಡಿಮೆಯಾದರೆ ಕ್ಲಚ್ ಜಾರಿ ಸುಡುತ್ತದೆ, ಹೆಚ್ಚಾದರೆ ಗೇರ್ ಬಿದ್ದಾಗ ಗಾಡಿ ಜಗ್ಗುತ್ತದೆ. ಜನರಲ್ ಮೋಟಾರ್ಸ್ 1939ರಲ್ಲಿ ಹೊರತಂದ ಹೈಡ್ರಾ-ಮ್ಯಾಟಿಕ್‌ನಲ್ಲಿ ಗವರ್ನರ್‌ನ ಒತ್ತಡ ಗಾಡಿಯ ವೇಗವನ್ನು ಸೂಚಿಸುತ್ತಿತ್ತು. ಥ್ರಾಟಲ್ ಎಷ್ಟು ತೆರೆದಿದೆ ಎಂಬುದು ಟಾರ್ಕ್‌ನ ಸ್ಥಾನದಲ್ಲಿ ನಿಂತಿತ್ತು. ಇದನ್ನು ಲೆಕ್ಕವೆನ್ನದೆ ಅಂದಾಜೆನ್ನುವವರ ಜೊತೆ ಜಗಳವಿಲ್ಲ.

ಜಗಳವಿರುವುದು ವ್ಯಾಕ್ಯೂಮ್ ಮಾಡ್ಯುಲೇಟರ್ ವಿಷಯದಲ್ಲಿ. 1960ರ ದಶಕದ ಟರ್ಬೊ ಹೈಡ್ರಾ-ಮ್ಯಾಟಿಕ್ 400, ಫೋರ್ಡ್ ಸಿ6 ಮುಂತಾದ ಗೇರ್‌ಬಾಕ್ಸ್‌ಗಳಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್‌ನಿಂದ ಒಂದು ಸಣ್ಣ ಕೊಳವೆ ಗೇರ್‌ಬಾಕ್ಸ್‌ನ ಪಕ್ಕದ ಡಬ್ಬಿಗೆ ಬರುತ್ತಿತ್ತು. ಒಳಗೆ ಒಂದು ಪೊರೆ, ಒಂದು ಸ್ಪ್ರಿಂಗ್. ನಿರ್ವಾತ ಹೆಚ್ಚಿದ್ದರೆ ಲೋಡು ಕಡಿಮೆ, ಲೈನ್ ಪ್ರೆಶರ್ ಇಳಿಯುತ್ತದೆ. ನಿರ್ವಾತ ಕುಸಿದರೆ ಅದು ಏರುತ್ತದೆ. ಇದನ್ನು ಆಕ್ಸಿಲರೇಟರ್ ಮೇಲಿನ ಕಾಲೊತ್ತಿನ ಇನ್ನೊಂದು ರೂಪವೆಂದು ತಳ್ಳಿಹಾಕುವ ಓದಿಗೆ ಸಮುದ್ರಮಟ್ಟದಲ್ಲಿ ತೊಂದರೆ ಕಾಣುವುದಿಲ್ಲ. ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ ಕಾಣುತ್ತದೆ.

ಇಲ್ಲಿನ ಎತ್ತರ ಸುಮಾರು 900 ಮೀಟರ್. ಸಮುದ್ರಮಟ್ಟದಲ್ಲಿ 1,013 ಹೆಕ್ಟೊಪಾಸ್ಕಲ್ ಇರುವ ಗಾಳಿಯ ಒತ್ತಡ ಈ ಎತ್ತರದಲ್ಲಿ ಸುಮಾರು 910. ಮಂಗಳೂರಿನಲ್ಲಿ 200 ನ್ಯೂಟನ್ ಮೀಟರ್ ಕೊಡುವ ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಇಲ್ಲಿ ಹೆಚ್ಚುಕಡಿಮೆ 180 ಕೊಡುತ್ತದೆ. ಗಾಡಿ ಹೊರಡುವ ಕ್ಷಣದಲ್ಲಿ ಟಾರ್ಕ್ ಕನ್ವರ್ಟರ್ ಅದನ್ನು ಇಮ್ಮಡಿಸಿದರೆ ವ್ಯತ್ಯಾಸ 40 ನ್ಯೂಟನ್ ಮೀಟರ್. ಥ್ರಾಟಲ್ ಪೂರ್ತಿ ತೆರೆದಾಗ ಹೊರಗಿನ ಗಾಳಿಗೂ ಮ್ಯಾನಿಫೋಲ್ಡ್‌ಗೂ ಒತ್ತಡದ ಅಂತರ ಎರಡೂ ಊರಿನಲ್ಲಿ ಹತ್ತಿರಹತ್ತಿರ ಸೊನ್ನೆ. ಹಾಗಾಗಿ ಸಾದಾ ಮಾಡ್ಯುಲೇಟರ್ ಎರಡೂ ಕಡೆ ಒಂದೇ ಲೈನ್ ಪ್ರೆಶರ್ ಕೇಳುತ್ತದೆ, ಬೆಂಗಳೂರಿನಲ್ಲಿ ಗೇರ್ ಒರಟಾಗಿ ಬೀಳುತ್ತದೆ. ಕೆಲವು ಮಾಡ್ಯುಲೇಟರ್‌ಗಳಲ್ಲಿ ಗಾಳಿ ತೆಗೆದು ಮುಚ್ಚಿದ ಅನೆರಾಯ್ಡ್ ಬುರುಡೆಯನ್ನು ಸೇರಿಸಿದ್ದು ಈ ದೋಷಕ್ಕಾಗಿಯೇ. ಎತ್ತರಕ್ಕೆ ಹೋದಂತೆ ಅದು ಹಿಗ್ಗಿ ಲೈನ್ ಪ್ರೆಶರನ್ನು ತಗ್ಗಿಸುತ್ತದೆ. ಕಾಲೊತ್ತನ್ನಷ್ಟೇ ಅಳೆಯಬೇಕಿದ್ದರೆ ಈ ಬುರುಡೆಯ ಗೊಡವೆ ಯಾರಿಗೂ ಬೇಕಿರಲಿಲ್ಲ. ಅದನ್ನು ಇಟ್ಟವರು ಲೆಕ್ಕಹಾಕಿದ್ದು ಟಾರ್ಕನ್ನೇ, ಸಂಖ್ಯೆಗಳಿಲ್ಲದೆ. (ಬಿಡಿಭಾಗಗಳ ಕ್ಯಾಟಲಾಗ್ ತೆರೆದು ನೋಡದೆ ಸಾಫ್ಟ್‌ವೇರ್‌ನಿಂದಲೇ ಚರಿತ್ರೆ ಶುರುಮಾಡುವವರಿಗೆ ಇದು ಕಣ್ಣಿಗೆ ಬೀಳುವ ಸಂಭವ ಕಡಿಮೆ.)

ಆ ಲೆಕ್ಕಕ್ಕೆ ಮಿತಿಯೂ ಇತ್ತು. ಒಂದೇ ಸಂಕೇತ ಲೈನ್ ಪ್ರೆಶರನ್ನೂ ಗೇರ್ ಬದಲಾಗುವ ವೇಗವನ್ನೂ ನಿರ್ಧರಿಸುತ್ತಿತ್ತು. ಥ್ರಾಟಲ್ ಕೇಬಲ್ ಇರುವ ಇಂಥ ಗೇರ್‌ಬಾಕ್ಸ್‌ನಲ್ಲಿ ಜಗ್ಗು ತಪ್ಪಿಸಲು ಕೇಬಲ್ ಸಡಿಲಿಸಿದರೆ ಮೇಲಿನ ಗೇರ್ ಬೇಗ ಬೀಳುತ್ತದೆ, ಲೋಡಿನಲ್ಲಿ ಕ್ಲಚ್ ಸುಡುವ ಅಪಾಯವೂ ಬರುತ್ತದೆ. ಇದಲ್ಲದೆ ಮಾತು ಒಮ್ಮುಖವಾಗಿತ್ತು: ಗೇರ್ ಬದಲಿಸುವಷ್ಟು ಹೊತ್ತು ಟಾರ್ಕ್ ಇಳಿಸೆಂದು ಎಂಜಿನ್‌ಗೆ ಹೇಳುವ ದಾರಿ ಗೇರ್‌ಬಾಕ್ಸ್‌ಗೆ ಇರಲಿಲ್ಲ. ಆ ದಾರಿಯೂ 1998ಕ್ಕೆ ಕಾಯಲಿಲ್ಲ. ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಸರಿಸಿ ಟಾರ್ಕ್ ಇಳಿಸುವ ಪದ್ಧತಿ 1980ರ ದಶಕದಲ್ಲೇ ಬಂದಿತ್ತು. ಎಂಇ7ರ ಹೆಚ್ಚುಗಾರಿಕೆ ಬೇರೆ. ಚಾಲಕ, ಗೇರ್‌ಬಾಕ್ಸ್, ಟ್ರ್ಯಾಕ್ಷನ್ ಕಂಟ್ರೋಲ್ ಎಲ್ಲರ ಬೇಡಿಕೆಯನ್ನೂ ಅದು ಟಾರ್ಕ್ ಎಂಬ ಒಂದೇ ಅಳತೆಯಲ್ಲಿ ತೂಗಿತು.

ಡೀಸೆಲ್ ಬಸ್ಸಿನಲ್ಲಿ ಮ್ಯಾನಿಫೋಲ್ಡ್ ನಿರ್ವಾತದ ಆಸರೆ ಇಲ್ಲ. ಟಾರ್ಕ್ ಲೆಕ್ಕಕ್ಕೆ ಮೂಲ ಇಂಜೆಕ್ಟರ್ ಕೊಡುವ ಇಂಧನದ ಪ್ರಮಾಣ. 2000ರ ದಶಕದ ಮಧ್ಯಭಾಗದಲ್ಲೇ ಬಿಎಂಟಿಸಿಯ ವೋಲ್ವೊ ಬಸ್ಸುಗಳು ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ಬೆಂಗಳೂರಿನ ಬೀದಿಗಿಳಿಸಿದ್ದವು. ಭಾರೀ ವಾಹನಗಳ ಜೆ1939 ನಿಯಮಾವಳಿಯಲ್ಲಿ ಟಾರ್ಕ್ ಸಂದೇಶದ ಮೂಲ ರೂಪ ರೆಫರೆನ್ಸ್ ಟಾರ್ಕ್‌ನ ಶೇಕಡಾವಾರು, ಒಂದೊಂದು ಮೆಟ್ಟಿಲು ಶೇ. 1. ರೆಫರೆನ್ಸ್ 1,200 ನ್ಯೂಟನ್ ಮೀಟರ್ ಎಂದಿಟ್ಟುಕೊಂಡರೆ ಒಂದು ಮೆಟ್ಟಿಲಿಗೆ 12. ಟರ್ಬೊ ಇರುವುದರಿಂದ 900 ಮೀಟರ್ ಎತ್ತರ ಇಲ್ಲಿ ಅಷ್ಟಾಗಿ ಬಾಧಿಸದು. ಬಾಧಿಸುವುದು ಎಸಿ. ಕಂಪ್ರೆಸರ್ 15 ಕಿಲೋವಾಟ್ ಎಳೆದರೆ 1,200 ಆರ್‌ಪಿಎಂನಲ್ಲಿ ಸುಮಾರು 119 ನ್ಯೂಟನ್ ಮೀಟರ್ ಗೇರ್‌ಬಾಕ್ಸ್ ಮುಟ್ಟುವ ಮೊದಲೇ ಖರ್ಚಾಗುತ್ತದೆ. ಅದನ್ನು ಕಳೆಯದೆ ಲೈನ್ ಪ್ರೆಶರ್ ನಿಗದಿಪಡಿಸಿದರೆ, ವಿದ್ಯಾರಣ್ಯಪುರದಿಂದ ಬಿಇಎಲ್ ವೃತ್ತದ ಕಡೆಗೆ ನಿಂತು ನಿಂತು ಸಾಗುವ ಬಸ್ಸು ಪ್ರತಿ ಗೇರಿಗೂ ನಿಂತ ಪ್ರಯಾಣಿಕರನ್ನು ಮುಗ್ಗರಿಸುತ್ತದೆ. ಅನೆರಾಯ್ಡ್ ಬುರುಡೆ ಮಾಡುತ್ತಿದ್ದ ತಿದ್ದುಪಡಿಯ ಕೆಲಸವನ್ನೇ ಇಲ್ಲಿ ಎಸಿ ಲೋಡಿನ ಮಟ್ಟಿಗೆ ಕಳೆಯುವ ಲೆಕ್ಕ ಮಾಡುತ್ತದೆ.