ಉನ್ಮತ್ತನೂ ನ್ಯಾಯಸ್ಥಾನವೂ

ದಕ್ಷಿಣ ಕನ್ನಡ ಜಿಲ್ಲೆಯ ನ್ಯಾಯಸ್ಥಾನಗಳ ಇತಿಹಾಸವನ್ನು ಬರೆಯಹೊರಟವರು ಭೂಮಿಯ ವ್ಯಾಜ್ಯಗಳನ್ನೂ ಅಳಿಯಸಂತಾನದ ಕಟ್ಟುಕಟ್ಟಳೆಗಳನ್ನೂ ಕುರಿತು ವಿಸ್ತಾರವಾಗಿ ಹೇಳುವುದುಂಟು. ಬುದ್ಧಿಭ್ರಮಣೆಯಿಂದ ಅಪರಾಧವನ್ನೆಸಗಿ, ಶಿಕ್ಷೆಗೂ ಅರ್ಹನಾಗದೆ ಬಿಡುಗಡೆಗೂ ಯೋಗ್ಯನೆನಿಸದೆ, ಸೆರೆಮನೆಗೂ ಹುಚ್ಚಾಸ್ಪತ್ರೆಗೂ ನಡುವೆ ಆಯುಷ್ಯವನ್ನು ಸವೆಸಿದವನ ವಿಷಯವು ಅವರ ಲೇಖನಿಗೆ ಬರುವುದು ಅಪೂರ್ವ. ಅವನ ಪರವಾಗಿ ಅಪೀಲು ಮಾಡುವವರಿಲ್ಲ. ಅವನಿಗಾಗಿ ಶಾಸನ ಕೆತ್ತಿಸಿದವರೂ ಇಲ್ಲ. ಆದರೂ ಅವನನ್ನು ಏನು ಮಾಡಬೇಕೆಂಬ ಪ್ರಶ್ನೆಯು ಬಹು ಪ್ರಾಚೀನವಾದುದು.

ಹಳಗನ್ನಡದ ‘ಮರುಳ್’ ಎಂಬ ಶಬ್ದಕ್ಕೆ ಪಿಶಾಚವೆಂದೂ ಬುದ್ಧಿಭ್ರಮೆಯೆಂದೂ ಎರಡರ್ಥಗಳುಂಟು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಿದ್ದ ಕಿಟ್ಟೆಲರ ನಿಘಂಟಿನಲ್ಲಿ ಎರಡನ್ನೂ ಕಾಣಬಹುದು. ತುಳುವರ ‘ಮರ್ಲ್’ ಅದರ ಸೋದರಶಬ್ದವೇ. ಹಿಡಿದ ಗ್ರಹವೂ ಕೆಟ್ಟ ಬುದ್ಧಿಯೂ ಒಂದೇ ಹೆಸರಿನಿಂದ ಕರೆಯಲ್ಪಡುವ ನಾಡಿನಲ್ಲಿ, ಮಾಡಿದವನು ಯಾರು, ಮಾಡಿಸಿದ್ದು ಯಾವುದು ಎಂಬ ಸಂದೇಹವು ಜನರ ಮನಸ್ಸಿನಲ್ಲಿ ಮೊದಲಿನಿಂದಲೂ ಇದ್ದಿತೆಂದು ಊಹಿಸಿದರೆ ತಪ್ಪಾಗಲಾರದು. ಚರಕಾಚಾರ್ಯರು ಉನ್ಮಾದವನ್ನು ಮನಸ್ಸು, ಬುದ್ಧಿ, ಸಂಜ್ಞೆ, ಜ್ಞಾನ, ಸ್ಮೃತಿ, ಭಕ್ತಿ, ಶೀಲ, ಚೇಷ್ಟೆ, ಆಚಾರಗಳ ವಿಭ್ರಮವೆಂದು ಲಕ್ಷಣೀಕರಿಸಿ, ವಾತಾದಿ ದೋಷಗಳಿಂದ ಹುಟ್ಟುವ ನಾಲ್ಕು ವಿಧಗಳೊಡನೆ ಆಗಂತುಕವೆಂಬ ಐದನೆಯದನ್ನೂ ಎಣಿಸಿದರು.

ಧರ್ಮಶಾಸ್ತ್ರಕಾರರು ಈ ವಿಷಯದಲ್ಲಿ ಇಂದಿನವರು ಎಣಿಸುವಷ್ಟು ನಿಷ್ಕರುಣಿಗಳಾಗಿರಲಿಲ್ಲ. ಉನ್ಮತ್ತನು ಮಾಡಿಕೊಂಡ ವ್ಯವಹಾರವು ಸಿದ್ಧಿಸದೆಂದು ಮನುವು ವಿಧಿಸಿದನು. ಬಾಲರು, ವೃದ್ಧರು, ರೋಗಿಗಳು ಇವರೊಡನೆ ಉನ್ಮತ್ತನನ್ನೂ ಸೇರಿಸಿ, ಅವರನ್ನು ದಂಡಿಸಬೇಕಾದಲ್ಲಿ ಬಳ್ಳಿ, ಬಿದಿರಿನ ಸೀಳು, ಹಗ್ಗ ಮುಂತಾದ ಲಘುಸಾಧನಗಳಿಂದಲೇ ದಂಡಿಸತಕ್ಕದ್ದೆಂದು ಹೇಳಿದನು. ದಂಡವು ತಪ್ಪಲಿಲ್ಲ, ಹಗುರವಾಯಿತು ಎಂಬುದನ್ನು ಮರೆಮಾಚಬೇಕಾಗಿಲ್ಲ. ಕೌಟಿಲ್ಯನಾದರೋ ತಪ್ಪೊಪ್ಪಿಸುವುದಕ್ಕಾಗಿ ಹಿಂಸೆಗೆ ಗುರಿಮಾಡಬಾರದವರ ಪಟ್ಟಿಯಲ್ಲಿ ಮತ್ತನನ್ನೂ ಉನ್ಮತ್ತನನ್ನೂ ಇರಿಸಿದ್ದಾನೆ.

ಇವೆಲ್ಲಕ್ಕಿಂತ ಗಮನಾರ್ಹವಾದುದು ನಮ್ಮ ಕನ್ನಡನಾಡಿನ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ವಿಜ್ಞಾನೇಶ್ವರನು ಬರೆದ ಮಿತಾಕ್ಷರೆಯ ಮಾತು. ಉನ್ಮತ್ತನಿಗೆ ದಾಯಭಾಗವಿಲ್ಲವೆಂಬ ಯಾಜ್ಞವಲ್ಕ್ಯವಚನವನ್ನು ವ್ಯಾಖ್ಯಾನಿಸುವಾಗ ಅವನು ಎರಡು ಸಂಗತಿಗಳನ್ನು ಸ್ಪಷ್ಟಪಡಿಸಿದನು. ಭಾಗವಿಲ್ಲದಿದ್ದರೂ ಅಂಥವನಿಗೆ ಅನ್ನವಸ್ತ್ರಗಳನ್ನು ಕೊಟ್ಟು ಭರಿಸತಕ್ಕದ್ದೆಂಬುದು ಒಂದು. ವಿಭಾಗವಾದ ಮೇಲೆಯೂ ಔಷಧಾದಿಗಳಿಂದ ದೋಷವು ನೀಗಿದರೆ ಅವನಿಗೆ ಭಾಗಪ್ರಾಪ್ತಿಯುಂಟೆಂಬುದು ಇನ್ನೊಂದು. ಉನ್ಮಾದವು ವಾಸಿಯಾಗಬಹುದಾದ ಅವಸ್ಥೆಯೆಂದೂ, ವಾಸಿಯಾದವನು ತನ್ನ ಸ್ಥಾನಕ್ಕೆ ಮರಳತಕ್ಕವನೆಂದೂ ಒಂಬೈನೂರು ವರ್ಷಗಳ ಹಿಂದೆಯೇ ಒಪ್ಪಿಕೊಂಡ ವಾಕ್ಯವಿದು. ಮುಂದೆ ಬಂದ ಸರಕಾರಗಳು ಇದನ್ನು ನೆನಪಿನಲ್ಲಿಟ್ಟಿದ್ದರೆ ಅನೇಕರ ಬಾಳು ಬೇರೆಯಾಗುತ್ತಿದ್ದಿತು.

1799ರಲ್ಲಿ ಟಿಪ್ಪುಸುಲ್ತಾನನ ಪತನಾನಂತರ ಕನ್ನಡ ಜಿಲ್ಲೆಯು ಕುಂಪಣಿ ಸರಕಾರದ ಕೈಸೇರಿ, ಮದರಾಸು ಆಧಿಪತ್ಯದೊಳಗಾಯಿತು. ಆಂಗ್ಲರ ದೇಶದಲ್ಲಿ 1843ನೆಯ ಇಸವಿಯಲ್ಲಿ ಮೆಕ್‌ನಾಟನ್ ಎಂಬವನು ಪ್ರಧಾನಮಂತ್ರಿ ಪೀಲನ ಕಾರ್ಯದರ್ಶಿಯನ್ನು ಗುಂಡಿಕ್ಕಿ ಕೊಂದು, ಬುದ್ಧಿವಿಕಲನೆಂಬ ಕಾರಣದಿಂದ ಗಲ್ಲಿನಿಂದ ಪಾರಾದನು. ಆ ಪ್ರಕರಣದಿಂದ ಹೊರಟ ನಿಯಮವೇ 1860ರ ಭಾರತೀಯ ದಂಡಸಂಹಿತೆಯ 84ನೆಯ ಕಲಮಾಗಿ ಇಲ್ಲಿಗೆ ಬಂದಿತು. ಕೃತ್ಯದ ಸಮಯದಲ್ಲಿ ಬುದ್ಧಿಸ್ವಾಸ್ಥ್ಯವಿಲ್ಲದ್ದರಿಂದ ಅದರ ಸ್ವರೂಪವನ್ನಾಗಲಿ, ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧವೆಂಬುದನ್ನಾಗಲಿ ಅರಿಯಲಾರದವನು ಮಾಡಿದುದು ಅಪರಾಧವಲ್ಲ ಎಂಬುದೇ ಅದರ ತಾತ್ಪರ್ಯ. ನಿಯಮವು ನ್ಯಾಯವಾದುದೇ. ಆದರೆ ಅಪರಾಧಿಯಲ್ಲದವನನ್ನು ಮನೆಗೆ ಕಳುಹಿಸಲಿಲ್ಲ; ಸರಕಾರದ ಅಪ್ಪಣೆಯಾಗುವವರೆಗೆ ಕಾವಲಿನಲ್ಲಿಟ್ಟರು. ವಿಚಾರಣೆಯಲ್ಲಿ ತನ್ನ ಪರವಾಗಿ ಮಾತನಾಡಲಾರದವನ ವಿಚಾರಣೆಯನ್ನು, ಅವನಿಗೆ ಬುದ್ಧಿ ತಿಳಿಯಾಗುವವರೆಗೆ ಮುಂದಕ್ಕೆ ಹಾಕಿದರು. ಶಿಕ್ಷಿತನಾದವನಿಗೆ ಬಿಡುಗಡೆಯ ದಿನವು ಗೊತ್ತು. ಇವನಿಗೆ ಅದೂ ಇಲ್ಲ.

ಮದರಾಸಿನಲ್ಲಿ ವೆಲೆಂಟೈನ್ ಕೊನೊಲಿ ಎಂಬ ವೈದ್ಯನು 1794ರಲ್ಲಿ ತೆರೆದ ಹುಚ್ಚಾಸ್ಪತ್ರೆಯು ಈ ಜಿಲ್ಲೆಗೆ ಬಹುದೂರ. 1858ರ ಹುಚ್ಚಾಸ್ಪತ್ರೆಗಳ ಕಾಯಿದೆಯು ಜಾರಿಗೆ ಬಂದ ಮೇಲೆ, 1872ರಲ್ಲಿ ಕಲ್ಲಿಕೋಟೆಯ ಕುದಿರೆವಟ್ಟದಲ್ಲಿ ಒಂದು ಆಸ್ಪತ್ರೆಯು ಸ್ಥಾಪಿತವಾಗಿ, ಆಧಿಪತ್ಯದ ಪಶ್ಚಿಮ ಕರಾವಳಿಗೆ ಅದೇ ಸಮೀಪದ್ದಾಯಿತು. ಸಮೀಪವೆಂದರೆ ಎಂಥ ಸಮೀಪ! ಮಂಗಳೂರಿಗೆ ರೈಲು ಬಂದುದು 1907ರಲ್ಲಿ. ಅದಕ್ಕೆ ಮುಂಚೆ ಬಂಟ್ವಾಳದ ಕಡೆಯವನನ್ನು ನೇತ್ರಾವತಿಯ ದೋಣಿಯಲ್ಲೋ ಗಾಡಿಯಲ್ಲೋ ಮಂಗಳೂರಿಗೆ ತಂದು, ಅಲ್ಲಿಂದ ಕಡಲ ಹಾದಿಯಲ್ಲೋ ಕರಾವಳಿಯ ಮಾರ್ಗದಲ್ಲೋ ದಕ್ಷಿಣಕ್ಕೆ ಸಾಗಿಸಬೇಕು. ತುಳುವಲ್ಲದೆ ಬೇರೆ ಮಾತರಿಯದ ಒಕ್ಕಲಿನವನೊಬ್ಬನು ಮಲೆಯಾಳ ಮಾತಾಡುವ ಕಾವಲುಗಾರರ ನಡುವೆ ಕುಳಿತಾಗ, ಅವನು ಆಡುವುದು ಪ್ರಲಾಪವೋ ಹಸಿವಿನ ಮಾತೋ ಎಂಬುದನ್ನು ನಿರ್ಣಯಿಸುವವರು ಯಾರು? ಮನಸ್ಸಿನ ರೋಗಕ್ಕೆ ಮಾತೇ ನಾಡಿ. ಆ ನಾಡಿಯನ್ನು ಹಿಡಿಯಬಲ್ಲವರು ಊರಿನಲ್ಲಿ ಉಳಿದರು, ರೋಗಿಯು ಪರಸ್ಥಳದಲ್ಲಿ ಉಳಿದನು.

ಊರಿನಲ್ಲಿ ನಡೆಯುತ್ತಿದ್ದ ಕ್ರಮವು ವಾಚಕರಿಗೆ ಅಪರಿಚಿತವಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಹಳ್ಳಿಗಳಲ್ಲಿ ಒಬ್ಬನಿಗೆ ಚಿತ್ತ ಕೆಟ್ಟರೆ ಮೊದಲು ಬಲಿಮೆ, ಬಳಿಕ ದೈವದ ನುಡಿ, ನಡುವೆ ಪಂಡಿತರ ಕಷಾಯ ಮತ್ತು ತಲೆಗೆ ತೈಲ. ಕೆರಳಿದರೆ ಕೊಟ್ಟಿಗೆಯ ಕಂಬಕ್ಕೆ ಕಟ್ಟಿಹಾಕುವುದೂ ಉಂಟು. ಯಾರ ಮೇಲಾದರೂ ಕತ್ತಿ ಬೀಸಿದಾಗ ಮಾತ್ರ ಪಟೇಲರಿಗೆ ದೂರು, ಅಲ್ಲಿಂದ ಪೋಲೀಸರು. ಕೂಡುಕುಟುಂಬದ ದೊಡ್ಡಮನೆಯಲ್ಲಿ ಇಂಥವನಿಗೂ ಒಂದು ಮೂಲೆ, ಒಂದು ಬಟ್ಟಲು ಗಂಜಿ ಇರುತ್ತಿದ್ದಿತು. ಅಳಿಯಸಂತಾನದ ಕುಟುಂಬಗಳಲ್ಲಿ ಆಸ್ತಿಯು ಪಾಲಾಗದೆ ಯಜಮಾನನ ಕೈಯಲ್ಲಿದ್ದುದರಿಂದ, ಎಲ್ಲರಿಗೂ ಜೀವನಾಂಶವು ಅಲ್ಲಿಂದಲೇ. 1949ರ ಮದರಾಸು ಅಳಿಯಸಂತಾನ ಕಾಯಿದೆಯು ಪಾಲಿನ ಹಕ್ಕನ್ನು ಕೊಟ್ಟಿತು. ಆ ಹಕ್ಕು ಬೇಕಾಗಿದ್ದಿತೆಂಬುದರಲ್ಲಿ ವಿವಾದವಿಲ್ಲ. ಆದರೆ ಮನೆ ಒಡೆದು ಪಾಲಾಗುವಾಗ ಗದ್ದೆಗೆ ಪಾಲುದಾರರು ಸಿಕ್ಕಂತೆ ಹುಚ್ಚನಿಗೆ ಸಿಕ್ಕುವುದು ಕಷ್ಟ.

1898ರ ಕ್ರಿಮಿನಲ್ ವಿಚಾರಣಾಸಂಹಿತೆಯಲ್ಲಿ ಒಂದು ಸದ್ವಿಧಿ ಇದ್ದಿತು. ಹೀಗೆ ಕಾವಲಿನಲ್ಲಿರುವವನನ್ನು ಸೆರೆಮನೆಯಲ್ಲಾದರೆ ಬಂದೀಖಾನೆಗಳ ಮುಖ್ಯಾಧಿಕಾರಿಯೂ, ಆಸ್ಪತ್ರೆಯಲ್ಲಾದರೆ ಸಂದರ್ಶಕರಲ್ಲಿ ಇಬ್ಬರೂ ಆರು ತಿಂಗಳಿಗೊಮ್ಮೆಯಾದರೂ ಕಂಡು, ಅವನ ಚಿತ್ತಸ್ಥಿತಿಯನ್ನು ಸರಕಾರಕ್ಕೆ ವರದಿ ಮಾಡತಕ್ಕದ್ದು. ನೆಂಟರೋ ಮಿತ್ರರೋ ಜಾಮೀನು ನಿಂತು, ಅವನನ್ನು ನೋಡಿಕೊಳ್ಳುವೆವೆಂದು ಬರೆದುಕೊಟ್ಟರೆ ಅವರ ವಶಕ್ಕೆ ಒಪ್ಪಿಸಲೂ ಅವಕಾಶವಿದ್ದಿತು. ಕಾಗದದ ಮೇಲೆ ಇದಕ್ಕಿಂತ ಹೆಚ್ಚಿನದನ್ನು ಬಯಸಲಾಗದು. ಆದರೆ ಸಂದರ್ಶಕನು ನೋಡುವುದು ರೋಗಿಯನ್ನು. ರೋಗಿಯ ಮನೆಗೆ ಹೋಗಿ, ಅಣ್ಣತಮ್ಮಂದಿರೊಡನೆ ಕುಳಿತು, ಇವನನ್ನು ಕರೆದುಕೊಳ್ಳುವಿರಾ ಎಂದು ಕೇಳುವ ಕೆಲಸವನ್ನು ಯಾವ ವಿಧಿಯೂ ಯಾರಿಗೂ ಹೊರಿಸಿರಲಿಲ್ಲ. ಕಡತವು ಕಚೇರಿಯಿಂದ ಕಚೇರಿಗೆ ನಡೆಯಿತು. ಮನುಷ್ಯನು ಇದ್ದಲ್ಲೇ ಇದ್ದನು.

1956ರ ರಾಜ್ಯ ಪುನರ್ವಿಂಗಡಣೆಯಿಂದ ದಕ್ಷಿಣ ಕನ್ನಡವು ಮೈಸೂರಿಗೂ, ಕಾಸರಗೋಡು ಕೇರಳಕ್ಕೂ ಸೇರಿದವು. ಕಲ್ಲಿಕೋಟೆಯು ಪರರಾಜ್ಯವಾಯಿತು; ಹುಚ್ಚಾಸ್ಪತ್ರೆಯ ದಾರಿಯು ದಕ್ಷಿಣದಿಂದ ತಿರುಗಿ ಘಟ್ಟವನ್ನು ಹತ್ತಿತು. ಬೆಂಗಳೂರಿನ ಆಸ್ಪತ್ರೆಯು 19ನೆಯ ಶತಮಾನದ ನಡುವಿನಲ್ಲಿ ಮೊದಲಾಗಿ, 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ, 1974ರಲ್ಲಿ ನಿಮ್ಹಾನ್ಸ್ ಎಂಬ ಹೆಸರನ್ನೂ ಪಡೆಯಿತು. ಧಾರವಾಡದ್ದೂ ಹಳೆಯದೇ. ಭಾಷೆಯ ತೊಡಕು ಕಡಮೆಯಾಯಿತು, ದೂರವು ಕಡಮೆಯಾಗಲಿಲ್ಲ.

ಕಡತದ ಮರೆವು ಎಷ್ಟು ಭಯಂಕರವಾಗಬಲ್ಲುದೆಂಬುದಕ್ಕೆ ಅಸ್ಸಾಮಿನ ಒಬ್ಬ ಹಳ್ಳಿಗನ ಕಥೆಯೇ ಸಾಕು. 1951ರಲ್ಲಿ, ಇನ್ನೂ ತರುಣನಾಗಿದ್ದಾಗ, ಗಾಯಪಡಿಸಿದ ಆರೋಪದ ಮೇಲೆ ಹಿಡಿಯಲ್ಪಟ್ಟವನನ್ನು ತೇಜಪುರದ ಮಾನಸಿಕ ಆಸ್ಪತ್ರೆಗೆ ಕಳುಹಿಸಿದರು. ಅವನು ಸ್ವಸ್ಥನಾಗಿದ್ದಾನೆಂದು 1967ರಲ್ಲೇ ವೈದ್ಯರು ತಿಳಿಸಿದರು. ಬಿಡುಗಡೆಯ ಬದಲು ಸೆರೆಮನೆಗೆ ವರ್ಗವಾಯಿತು. ವಿಚಾರಣೆಯೇ ನಡೆಯದೆ 54 ವರ್ಷಗಳು ಸಂದು, 2005ರಲ್ಲಿ ಒಂದು ರೂಪಾಯಿಯ ಮುಚ್ಚಳಿಕೆಯ ಮೇಲೆ ಬಿಡುಗಡೆಯಾದಾಗ ಅವನು ಎಪ್ಪತ್ತು ದಾಟಿದ ಮುದುಕ. ಇದಕ್ಕೂ ಮೊದಲು, 1982ರಲ್ಲಿ, ಬಿಹಾರದ ಹಜಾರಿಬಾಗ್ ಸೆರೆಮನೆಯಲ್ಲಿ ಬುದ್ಧಿ ತಿಳಿಯಾದ ಮೇಲೂ ದಶಕಗಟ್ಟಲೆ ಉಳಿದವರ ಸಂಗತಿಯು ಸುಪ್ರೀಂ ಕೋರ್ಟಿನ ಎದುರಿಗೆ ಬಂದಿದ್ದಿತು. ಅಪರಾಧವನ್ನೇ ಮಾಡದ ಮಾನಸಿಕ ರೋಗಿಗಳನ್ನು ಸೆರೆಮನೆಗೆ ಹಾಕುವುದು ಸಂವಿಧಾನಬಾಹಿರವೆಂದು ಅದೇ ನ್ಯಾಯಸ್ಥಾನವು ಸಾರಬೇಕಾಗಿ ಬಂದುದು 1993ರಲ್ಲಿ! ಸಾರುವ ಅಗತ್ಯವೊದಗಿತೆಂಬುದೇ ಲಜ್ಜೆಯ ವಿಷಯವು.

ಬೆಂಗಳೂರಿನ ಕೇಂದ್ರ ಕಾರಾಗೃಹದ ಬಂದಿಯೊಬ್ಬನು ಬರೆದ ಕಾಗದದಿಂದ ಹುಟ್ಟಿದ ರಾಮಮೂರ್ತಿ ಪ್ರಕರಣದಲ್ಲಿ, 1996ರಲ್ಲಿ, ಸೆರೆಮನೆಗಳ ಒಂಬತ್ತು ದೋಷಗಳು ಎಣಿಸಲ್ಪಟ್ಟವು. ಆರೋಗ್ಯದ ಅಲಕ್ಷ್ಯವು ಅವುಗಳಲ್ಲೊಂದು. ಮನಸ್ಸಿನ ಆರೋಗ್ಯಕ್ಕೆ ಪ್ರತ್ಯೇಕವಾದ ಎಣಿಕೆ ಸಿಕ್ಕಲಿಲ್ಲ. ಅದೇ ಕಾರಾಗೃಹದ ಐದು ಸಾವಿರಕ್ಕೂ ಮಿಕ್ಕ ಬಂದಿಗಳನ್ನು ಪರೀಕ್ಷಿಸಿ ನಿಮ್ಹಾನ್ಸಿನ ವೈದ್ಯರು 2011ರಲ್ಲಿ ಪ್ರಕಟಿಸಿದ ಗ್ರಂಥದಿಂದ, ಮಾದಕಪದಾರ್ಥಗಳ ವ್ಯಸನವನ್ನು ಬಿಟ್ಟು ಲೆಕ್ಕಹಾಕಿದರೂ ನಾಲ್ವರಲ್ಲಿ ಒಬ್ಬನಿಗಿಂತ ಹೆಚ್ಚು ಜನರು ಯಾವುದೋ ಮನೋರೋಗದಿಂದ ಪೀಡಿತರೆಂದು ತಿಳಿದುಬಂದಿತು.

ಕಾನೂನು ಈಚೆಗೆ ಸ್ವಲ್ಪ ಎಚ್ಚತ್ತಿದೆ. ವಿಚಾರಣಾಸಂಹಿತೆಗೆ 2008ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಆಸ್ಪತ್ರೆಗೆ ಕ್ರಮವಾಗಿ ಕರೆತಂದು ಚಿಕಿತ್ಸೆ ಮಾಡಿಸುವೆವೆಂದು ನೆಂಟರೋ ಮಿತ್ರರೋ ಒಪ್ಪಿಕೊಂಡರೆ ಬುದ್ಧಿವಿಕಲನಾದ ಆರೋಪಿಯನ್ನು ಜಾಮೀನಿನ ಮೇಲೆ ಬಿಡಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಇಂಥವರಿಗೆ ಪ್ರತ್ಯೇಕ ಅಧ್ಯಾಯವೊಂದಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 103ನೆಯ ಕಲಮು, ತನ್ನ ಸೆರೆಮನೆಯಲ್ಲಿ ಮನೋರೋಗಿಗಳಾದ ಬಂದಿಗಳಿಲ್ಲವೆಂದು ಅಲ್ಲಿನ ವೈದ್ಯನು ಮೂರು ತಿಂಗಳಿಗೊಮ್ಮೆ ದೃಢಪಡಿಸುವಂತೆ ವಿಧಿಸಿ, ರಾಜ್ಯಕ್ಕೊಂದು ಸೆರೆಮನೆಯಲ್ಲಾದರೂ ಚಿಕಿತ್ಸಾಲಯವಿರಬೇಕೆಂದು ಹೇಳುತ್ತದೆ. ಆರು ತಿಂಗಳ ಸಂದರ್ಶನವು ಮೂರು ತಿಂಗಳ ಪತ್ರವಾಯಿತೆನ್ನಬಹುದು.

ಆಸ್ಪತ್ರೆಯೂ ಘಟ್ಟವನ್ನಿಳಿದು ಬಂದಿದೆ. ನಿಮ್ಹಾನ್ಸಿನವರು 1980ರ ದಶಕದಲ್ಲಿ ಬಳ್ಳಾರಿಯಲ್ಲಿ ಮಾಡಿತೋರಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು 1996ರಿಂದ ದೇಶಕ್ಕೆ ಹಬ್ಬಿತು. ಅದರಲ್ಲಿ ವೈದ್ಯನ ಜೊತೆಗೆ ಮನಶ್ಶಾಸ್ತ್ರಜ್ಞನೂ ಮನೋವೈದ್ಯಕೀಯ ಸಾಮಾಜಿಕ ಕಾರ್ಯಕರ್ತನೂ ಇರತಕ್ಕದ್ದು. ಈ ಕೊನೆಯವನೇ 1898ರ ಸಂಹಿತೆಯು ಕಾಣದೆ ಹೋದ ಮನುಷ್ಯ. ಮಂಗಳೂರಿನ ಸೆರೆಮನೆಯಿಂದ ಬಿಡುಗಡೆಯಾದವನಿಗೆ ಬೆಳ್ತಂಗಡಿಯ ಒಳಹಳ್ಳಿಯಲ್ಲಿ ಮನೆಯವರು ಬಾಗಿಲು ತೆರೆಯುವರೇ, ಮಾತ್ರೆಗಳು ಮುಗಿದ ದಿನ ತಾಲೂಕು ಆಸ್ಪತ್ರೆಗೆ ಬರಲು ಬಸ್ಸಿನ ಹಣವಿದೆಯೇ, ಹಿಂದೆ ಕತ್ತಿ ಬೀಸಿದವನೆಂದು ನೆರೆಯವರು ಕೆಲಸಕ್ಕೆ ಕರೆಯದಿದ್ದರೆ ಅವರೊಡನೆ ಆಡತಕ್ಕ ಮಾತೇನು, ಮುಂದಿನ ವಾಯಿದೆಗೆ ಕೋರ್ಟಿಗೆ ಕರೆತರುವವರು ಯಾರು, ಇವೆಲ್ಲ ಅವನು ವಿಚಾರಿಸತಕ್ಕ ಸಂಗತಿಗಳು. ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಲ್ಲಿ ‘ಮನೋಚೈತನ್ಯ’ ಎಂಬ ಹೆಸರಿನಿಂದ ಮನೋವೈದ್ಯರು ರೋಗಿಗಳನ್ನು ನೋಡುವ ಏರ್ಪಾಡನ್ನು ರಾಜ್ಯ ಸರಕಾರವು ಮಾಡಿತು. ಹಿಂದೆ ಕಲ್ಲಿಕೋಟೆಗೆ ಹೋಗಬೇಕಾಗಿದ್ದವನ ಮೊಮ್ಮಗನು ಈಗ ಬಂಟ್ವಾಳದ ಪೇಟೆಯವರೆಗೆ ಬಂದರೆ ಸಾಕು. ಕರೆತರುವವರೊಬ್ಬರು ಜೊತೆಗೆ ಬೇಕು.